ಅತಿಥಿಯ ಎಸಿ, ಮನೆಯವರ ಬಿಲ್ಲು

ಮುಂಬೈಯಲ್ಲಿ ಮನೆಯ ಕೋಣೆಯನ್ನು ದಿನಬಾಡಿಗೆಗೆ ಕೊಡುವವರೆಲ್ಲ ಶ್ರೀಮಂತರೆಂದು ಊರಲ್ಲಿರುವವರು ತಿಳಿಯುತ್ತಾರೆ. ಹತ್ತು ಫ್ಲ್ಯಾಟು ಕೊಂಡು ಆ್ಯಪ್‌ನಲ್ಲಿ ಹಾಕಿದವರ ಮಾತು ಬೇರೆ. ಚೆಂಬೂರು, ಘಾಟ್‌ಕೋಪರ್, ಅಂಧೇರಿಯ ಹಳೆಯ ಸೊಸೈಟಿಗಳಲ್ಲಿ ಮಕ್ಕಳು ದೂರ ಹೋದ ಮೇಲೆ ಖಾಲಿ ಬಿದ್ದ ಒಂದು ಕೋಣೆಯಿಂದ ಮೇಂಟೆನೆನ್ಸು, ಔಷಧಿಯ ಖರ್ಚು ತೂಗಿಸುವ ನಿವೃತ್ತರಿದ್ದಾರೆ. ಅವರಲ್ಲಿ ನಮ್ಮವರೂ ಉಂಟು. ಬಂದಿಳಿಯುವವರಲ್ಲೂ ನಮ್ಮವರೇ: ಬಿಕೆಸಿಯಲ್ಲಿ ವೀಸಾ ಸಂದರ್ಶನಕ್ಕೆ ಬಂದ ಹುಡುಗರು, ಕಂಪನಿ ಕೆಲಸಕ್ಕೆ ಬಂದವರು, ಪರೇಲ್‌ನ ಟಾಟಾ ಆಸ್ಪತ್ರೆಯ ರೋಗಿಗಳ ಜತೆ ಬಂದು ದಾದರ್‌ನ ಗಾಡ್ಗೆ ಮಹಾರಾಜ್ ಧರ್ಮಶಾಲೆಯಲ್ಲಿ ಜಾಗ ಸಿಗದವರು.

ಹಾಲು, ತರಕಾರಿ, ಬಟ್ಟೆ ಒಗೆಯುವವರ ಕೂಲಿ ಎಲ್ಲವೂ ಏರಿದೆ. 2025ರ ಏಪ್ರಿಲ್‌ನಲ್ಲಿ ಮನೆಬಳಕೆಯ ಗ್ಯಾಸ್ ಸಿಲಿಂಡರಿಗೆ 50 ರೂಪಾಯಿ ಕೂಡಿತು. ಇವನ್ನು ಹೇಗೋ ಸುಧಾರಿಸಬಹುದು. ಲೆಕ್ಕ ತಪ್ಪಿಸುವುದು ಕರೆಂಟು.

ನಗರದಲ್ಲಿ ಬೆಸ್ಟ್ ಇರಲಿ, ಉಪನಗರದಲ್ಲಿ ಅದಾನಿ ಅಥವಾ ಟಾಟಾ ಇರಲಿ, ಮುಲುಂಡ್-ಭಾಂಡುಪ್‌ನಲ್ಲಿ ಮಹಾವಿತರಣ ಇರಲಿ, ಮನೆಯ ದರ ಸ್ಲ್ಯಾಬಿನದ್ದು: 100 ಯೂನಿಟ್‌ವರೆಗೆ ಒಂದು, 300ರವರೆಗೆ ಇನ್ನೊಂದು, 500ರವರೆಗೆ ಮತ್ತೊಂದು, ಅದರಾಚೆ ಬೇರೆ. ಮನೆಯವರು ತಿಂಗಳಿಗೆ 200 ಯೂನಿಟ್ ಸುಡುತ್ತಾರೆನ್ನಿ. ಅತಿಥಿಯ ಎಸಿ ಗಂಟೆಗೆ ಸುಮಾರು ಒಂದು ಯೂನಿಟ್‌ನಂತೆ ದಿನಕ್ಕೆ ಹತ್ತು ಗಂಟೆ ಓಡಿದರೆ ತಿಂಗಳಿಗೆ 300. ಆ ಮುನ್ನೂರರಲ್ಲಿ ಇನ್ನೂರು ಬೀಳುವುದು ಮೂರನೆಯ ಸ್ಲ್ಯಾಬಿನಲ್ಲಿ. ಅದರ ಮೇಲೆ 16% ವಿದ್ಯುತ್ ಸುಂಕ. ಬಿಲ್ಲಿನ ಸರಾಸರಿ ತೆಗೆದು ಅತಿಥಿಯ ಖರ್ಚು ಲೆಕ್ಕ ಹಾಕುವವರು ಪ್ರತಿ ತಿಂಗಳೂ ಕೈಯಿಂದ ಕಳೆದುಕೊಳ್ಳುತ್ತಾರೆ, ಏಕೆಂದರೆ ಅಗ್ಗದ ಯೂನಿಟ್‌ಗಳೆಲ್ಲ ಮನೆಯವರ ಫ್ರಿಜ್ಜು, ಫ್ಯಾನಿಗೇ ಮುಗಿದಿರುತ್ತವೆ.

ಇದಕ್ಕೆ ಹೆಚ್ಚಿನವರು ಕಂಡುಕೊಂಡ ಉಪಾಯ ಎಲ್ಲರಿಗೂ ದಿನಬಾಡಿಗೆ ಏರಿಸುವುದು. ನನಗೆ ಇದು ಒಪ್ಪಿಗೆಯಿಲ್ಲ. ಫ್ಯಾನು ರಾತ್ರಿಯಿಡೀ ತಿರುಗಿದರೂ ಒಂದು ಯೂನಿಟ್ ಆಗುವುದಿಲ್ಲ. ಎಸಿ ಮುಟ್ಟದೆ ಮಲಗಿದ ಕಲಬುರಗಿಯ ರೋಗಿಯ ಮಗ, ಕಿಟಕಿ ತೆರೆದಿಟ್ಟೇ ಎಸಿ ಹಾಕಿ ಹೊರಗೆ ಹೋದವನ ಬಿಲ್ಲನ್ನೂ ಕಟ್ಟಬೇಕೇ? ಎಸಿ ಲೈನಿಗೆ ಚಿಕ್ಕದೊಂದು ಸಬ್‌ಮೀಟರ್ ಹಾಕಿಸಿ, ಯೂನಿಟ್‌ಗೆ ಇಷ್ಟು ಎಂದು ಬುಕಿಂಗ್‌ನಲ್ಲೇ ತಿಳಿಸಿದರಾಯಿತು. ಬಂದ ಮೇಲೆ ಹೇಳಿದರೆ ಜಗಳ, ಆಮೇಲೆ ಒಂದು ಸ್ಟಾರ್!

ಅತಿಥಿಗೂ ಇದು ಭಾರವಲ್ಲ. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ 12%ರಿಂದ 5%ಕ್ಕೆ ಇಳಿದಿದೆ. 2,000 ರೂಪಾಯಿಯ ಕೋಣೆಗೆ ರಾತ್ರಿಗೆ 140 ರೂಪಾಯಿ ಉಳಿತಾಯ. ಒಂದು ರಾತ್ರಿಯ ಎಸಿ ಖರ್ಚು ಹೆಚ್ಚುಕಡಿಮೆ ಅದರಲ್ಲೇ ಹೊರಟುಹೋಗುತ್ತದೆ.

ಮನೆಯವರ ದೊಡ್ಡ ಹೆದರಿಕೆ ಬೇರೆಯದು. ವಾಸದ ಮೀಟರಿನಲ್ಲಿ ವ್ಯಾಪಾರ ನಡೆಸಿದ್ದೀರೆಂದು ಅಧಿಕಾರಿ ಬರೆದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನಡಿ ಅನ್ವಯವಾಗುವ ದರದ ಎರಡು ಪಟ್ಟು ಕಟ್ಟಿಸಬಹುದು. ವಾಣಿಜ್ಯ ಬಳಕೆಯ ಸುಂಕವೂ 21%. ಈ ಭಯದಿಂದಲೇ ಎಷ್ಟೋ ಮಂದಿ ಬಾಯಿಮಾತಿನ ಮೇಲೆ, ರಸೀದಿಯಿಲ್ಲದೆ ಕೋಣೆ ಕೊಡುತ್ತಾರೆ. ಕಂಪನಿಗೆ ಬಿಲ್ಲು ತೋರಿಸಬೇಕಾದ ಅತಿಥಿ ಬೇರೆ ಕಡೆ ಹೋಗುತ್ತಾನೆ. ತಾನೇ ವಾಸವಿರುವ ಮನೆಯ ಒಂದೇ ಕೋಣೆಯನ್ನು ಕೊಡುವವರನ್ನು ಹೋಟೆಲಿನ ಸಾಲಿಗೆ ಸೇರಿಸುವಂತಿಲ್ಲ ಎಂದು ವಿದ್ಯುತ್ ನಿಯಂತ್ರಣ ಆಯೋಗ ದರಪಟ್ಟಿಯಲ್ಲಿ ಸಂದೇಹಕ್ಕೆ ಎಡೆಯಿಲ್ಲದಂತೆ ಬರೆಯಬೇಕು. ಹತ್ತು ಫ್ಲ್ಯಾಟಿನವರಿಗೆ ವಾಣಿಜ್ಯ ದರವೇ ಇರಲಿ.

ಅಲ್ಲಿಯವರೆಗೂ ಬಾಡಿಗೆ ಏರಿಸುವ ಮುನ್ನ ಒಂದು ಲೆಕ್ಕ ಮಾಡಿ ನೋಡಿ. ರೇಡಿಯೇಷನ್ ಆರು ವಾರ ನಡೆಯುವುದುಂಟು. ದಿನಕ್ಕೆ 200 ರೂಪಾಯಿ ಕೂಡಿಸಿದರೆ 42 ದಿನಕ್ಕೆ 8,400 ರೂಪಾಯಿ. ಅಷ್ಟೂ ದಿನ ಅವರು ಹಾಕಿಕೊಂಡದ್ದು ಫ್ಯಾನು ಮಾತ್ರ.