ಗುಜರಿಗೆ ಹಾಕೋ ಮುಂಚೆ ಇದನ್ನ ಓದಿ: ಹಳೇ ಪಿಕಪ್ ಬಗ್ಗೆ 6 ಕ್ಯಾಪ್ಷನ್

1/6

ಮೊದಲೇ ಹೇಳಿಬಿಡ್ತೀನಿ, ಆಮೇಲೆ ಕಾಮೆಂಟಲ್ಲಿ ಜಗಳ ಬೇಡ. ಹಳೇ ಪಿಕಪ್ ರಿಸ್ಟೋರ್ ಮಾಡೋದು ಇನ್ವೆಸ್ಟ್‌ಮೆಂಟ್ ಅಲ್ಲ. ಆದ್ರೂ ಮಾಡಬೇಕು ಅಂತೀನಿ. ಯಾಕೆ ಅಂತ ಕೊನೆವರೆಗೂ ಓದಿ.

ನಿಮ್ಮ ಫೀಡಲ್ಲೂ ಆ ರೀಲ್ಸ್ ಬಂದಿರುತ್ತೆ. ತುಕ್ಕು ಹಿಡಿದ ಗಾಡಿ, ಹಿಂದೆ ಮ್ಯೂಸಿಕ್ಕು, ಮೂವತ್ತು ಸೆಕೆಂಡಲ್ಲಿ ಪಳಪಳ ಹೊಳೆಯೋ ಪಿಕಪ್ಪು. ಕೆಳಗೆ "ಕಮ್ಮಿಗೆ ತಗೊಳಿ, ರೆಡಿ ಮಾಡಿ, ನಾಲ್ಕು ಪಟ್ಟಿಗೆ ಮಾರಿ" ಅಂತ ಬುದ್ಧಿಮಾತು. ನಾನು ನೋಡಿದ ಅಂಥ ವಿಡಿಯೋಗಳಲ್ಲಿ ಮುಕ್ಕಾಲು ಭಾಗ ಅಮೆರಿಕದವು. ಫೋರ್ಡ್ ಎಫ್-100, ಷೆವ್ರೊಲೆ ಸಿ10. ಫೋರ್ಡ್ ಎಫ್-ಸೀರೀಸ್ ಶುರುವಾಗಿದ್ದು 1948ರಲ್ಲಿ. 1977ರಿಂದ ಅಲ್ಲಿ ಅತಿ ಹೆಚ್ಚು ಮಾರಾಟ ಆಗೋ ಪಿಕಪ್ ಅದೇ. ಅಷ್ಟೊಂದು ಗಾಡಿ ರಸ್ತೆಗೆ ಇಳಿದಿರೋದ್ರಿಂದ ಅದರ ಬಾಗಿಲು, ಬಾನೆಟ್ಟು, ಗಾಜಿನ ರಬ್ಬರು ಎಲ್ಲವನ್ನೂ ಇವತ್ತಿಗೂ ಹೊಸದಾಗಿ ಮಾಡಿ ಮಾರೋರಿದ್ದಾರೆ. ಕ್ಯಾಟಲಾಗ್ ನೋಡಿ ಆರ್ಡರ್ ಹಾಕಿದ್ರೆ ಮನೆ ಬಾಗಿಲಿಗೆ ಬರುತ್ತೆ. ಮೇಲಾಗಿ ಅಲ್ಲಿ ಪಿಕಪ್ ಅಂದ್ರೆ ಮನೆಮಂದಿ ಓಡಾಡೋ ಗಾಡಿನೂ ಹೌದು.

ನಮ್ಮಲ್ಲಿ ಪಿಕಪ್ ಹುಟ್ಟಿದ್ದೇ ದುಡಿಯೋಕೆ. ತೆಂಗಿನಕಾಯಿ, ಟೊಮ್ಯಾಟೊ, ಹಾಲಿನ ಕ್ಯಾನು, ಸಿಮೆಂಟು, ಕೆಲವೊಮ್ಮೆ ಮದುವೆ ದಿಬ್ಬಣ. ಹಾಗಾಗಿ ಆ ರೀಲ್ಸ್ ಲೆಕ್ಕ ಇಲ್ಲಿಗೆ ಒಗ್ಗಲ್ಲ. ನಮ್ಮ ಲೆಕ್ಕ ಬೇರೆ. ಅದನ್ನೇ ಹೇಳ್ತೀನಿ.

2/6

ನಾನು ಮಾತಾಡ್ತಿರೋ ಗಾಡಿ ಟಾಟಾಮೊಬೈಲ್ 206. ಹೆಸರು ಕೇಳಿ ಫೋನ್ ಅನ್ಕೋಬೇಡಿ. 1988ರಲ್ಲಿ ಬಂದ ಪಿಕಪ್ಪು. ಆಗ ಕಂಪನಿ ಹೆಸರು ಟೆಲ್ಕೊ, ಟಾಟಾ ಮೋಟರ್ಸ್ ಅಂತ ಆಗಿದ್ದು 2003ರಲ್ಲಿ. 1991ರಲ್ಲಿ ಬಂದ ಸಿಯೆರಾ ಗೊತ್ತಲ್ವಾ, ಹಿಂದೆ ಬಾಗಿದ ದೊಡ್ಡ ಗಾಜು ಇದ್ದ ಗಾಡಿ? ಅದು ನಿಂತಿದ್ದು ಇದೇ ಪಿಕಪ್ಪಿನ ಅಡಿಪಾಯದ ಮೇಲೆ. 1992ರ ಎಸ್ಟೇಟ್ ಕೂಡ ಅಷ್ಟೇ.

ಈಗ ನೋಡಿ. ಸಿಯೆರಾ ಅಂದ್ರೆ ಎಲ್ಲರ ಕಣ್ಣಲ್ಲೂ ನೀರು. ಅದನ್ನ ಹೊತ್ತ ಪಿಕಪ್ಪಿನ ಹೆಸರು ಮಾತ್ರ ನಮ್ಮ ಕ್ಲಾಸಲ್ಲಿ ಕೇಳಿದ್ರೆ ಒಬ್ಬರಿಗೂ ಗೊತ್ತಿರಲಿಲ್ಲ. ಸಾಹುಕಾರರು ಕೂತು ಹೋದ ಗಾಡಿಗೆ ಮರ್ಯಾದೆ, ಮೂಟೆ ಹೊತ್ತ ಗಾಡಿಗೆ ಗುಜರಿ. ನನಗೆ ಹೊಟ್ಟೆ ಉರಿಯೋದು ಇಲ್ಲೇ.

ನಮ್ಮನೇಲಿ ಒಂದಿದೆ. ತಾತ ತಗೊಂಡಿದ್ದು. ತೋಟದಿಂದ ತಿಪಟೂರು ಮಂಡಿಗೆ ಕೊಬ್ಬರಿ ಹೊತ್ತೂ ಹೊತ್ತೂ ಅದರ ಹಿಂದಿನ ಪಟ್ಟಾ ಚಪ್ಪಟೆ ಆಗಿದೆ. ಈಗ ತೋಟದ ಶೆಡ್ಡಲ್ಲಿ ನಿಂತಿದೆ. ಗುಜರಿಯವರು ಬಂದು ₹38,000 ಕೊಡ್ತೀನಿ ಅಂದ್ರು. ಅಪ್ಪ ಹೇಳಿದ್ದು ಇಷ್ಟೇ: "ಯುಗಾದಿವರೆಗೆ ಟೈಮ್ ಇದೆ. ಅಷ್ಟರಲ್ಲಿ ಎಫ್‌ಸಿ ಆದ್ರೆ ಇಟ್ಕೊ, ಇಲ್ಲಾಂದ್ರೆ ಕೊಟ್ಬಿಡ್ತೀನಿ." ಅಪ್ಪನ ಮಾತಲ್ಲಿ ತಪ್ಪೇನಿಲ್ಲ. ಶೆಡ್ ಅವರದ್ದು, ಜಾಗಾನೂ ಬೇಕು.

3/6

ಬಿಕಾಂನವರು ಇಲ್ಲಿ ಸ್ವಲ್ಪ ನೆಟ್ಟಗೆ ಕೂತ್ಕೊಳಿ.

ಡಬ್ಲ್ಯೂಡಿವಿ ಮೆಥಡ್ ನೆನಪಿದೆಯಲ್ವಾ? ಆದಾಯ ತೆರಿಗೆ ಲೆಕ್ಕದಲ್ಲಿ ಸ್ವಂತ ಬಿಸಿನೆಸ್‌ಗೆ ಬಳಸೋ ಗಾಡಿಗೆ ಸವಕಳಿ 15%. ₹1,00,000ದ ಗಾಡಿ ಹದಿನೈದು ವರ್ಷ ಆದ್ಮೇಲೆ ಪುಸ್ತಕದಲ್ಲಿ ಉಳಿಯೋದು ಸುಮಾರು ₹8,735. ಬಾಡಿಗೆಗೆ ಓಡೋ ಲಾರಿಗೆ 30%. ಅದೇ ಹದಿನೈದು ವರ್ಷಕ್ಕೆ ಉಳಿಯೋದು ಸುಮಾರು ₹475. ನಮ್ಮ ಕ್ಯಾಂಟೀನಲ್ಲಿ ನಾಲ್ಕು ಜನ ಊಟ ಮಾಡಿದ್ರೆ ಮುಗೀತು.

ಪುಸ್ತಕದಲ್ಲಿ ಬೆಲೆ ಸತ್ತಿದೆ. ಆದ್ರೆ ಅದೇ ಗಾಡಿ ಇನ್ನೂ ಮೂಟೆ ಎತ್ತುತ್ತೆ. ಸವಕಳಿ ಅನ್ನೋದು ಖರ್ಚನ್ನ ವರ್ಷವರ್ಷಕ್ಕೆ ಹಂಚೋ ಲೆಕ್ಕ, ಗಾಡಿಯ ಆಯಸ್ಸಿನ ಲೆಕ್ಕ ಅಲ್ಲ. ಇದನ್ನ ಪರೀಕ್ಷೆಗೆ ಬರೆದು ಮಾರ್ಕ್ಸ್ ತಗೊಂಡಿದ್ದೆ, ಶೆಡ್ಡಲ್ಲಿ ನಿಂತಾಗ ಅರ್ಥ ಆಯ್ತು.

ಹಂಗಂತ ಇನ್ನೊಂದು ತುದಿಗೆ ಹೋಗ್ಬೇಡಿ. ಇಲ್ಲಿವರೆಗೆ ನನ್ನ ಲೆಡ್ಜರ್ ಹೀಗಿದೆ: ಬ್ರೇಕ್ ಕೆಲಸ ₹9,800, ಫ್ಲೋರ್ ವೆಲ್ಡಿಂಗ್ ₹7,000, ಬ್ಯಾಟರಿ ₹5,500, ನಾಜಲ್ ಸರ್ವಿಸ್ ₹4,200. ಒಟ್ಟು ₹26,500. ರಜೇಲಿ ಮಂಡೀಲಿ ಟ್ಯಾಲಿ ಎಂಟ್ರಿ ಮಾಡಿ ದುಡಿದ ದುಡ್ಡು. ಇದು ವಾಪಸ್ ಬರುತ್ತಾ? ಇಲ್ಲ. ನಾಳೆ ಮಾರಕ್ಕೆ ಹೋದ್ರೆ ಯಾರೂ ₹38,000 ಜೊತೆ ₹26,500 ಕೂಡಿಸಿ ಕೊಡಲ್ಲ. ಖರ್ಚಾಗಿದ್ದು ಖರ್ಚಾಯ್ತು. ಅದಕ್ಕೇ ಹೇಳೋದು, ಸಾಲ ಮಾಡಿ, ಇಎಂಐ ಹಾಕ್ಕೊಂಡು, ಕಾಲೇಜ್ ಫೀಸ್ ಮುರಿದು ಇದಕ್ಕೆ ಇಳೀಬೇಡಿ. ಕ್ರಿಕೆಟ್ ಕಿಟ್‌ಗೆ, ಟ್ರೆಕ್ಕಿಂಗ್‌ಗೆ ಹೇಗೆ ಖರ್ಚು ಮಾಡ್ತೀರೋ ಹಾಗೇ ಇದಕ್ಕೂ. ವಾಪಸ್ ಕೇಳಬಾರದು.

4/6

ಹಾಗಾದ್ರೆ ಸಿಗೋದೇನು?

ಸಿಗೋದು ವಿದ್ಯೆ. ಅದು ಇರೋದು ಪುಸ್ತಕದಲ್ಲಲ್ಲ, ಮೇಸ್ತ್ರಿ ಕೈಯಲ್ಲಿ. ನಮ್ಮೂರ ಮೇಸ್ತ್ರಿನ ನಾವೆಲ್ಲ ಭಾಯ್ ಅಂತೀವಿ. ನಮ್ಮ ಗಾಡಿ ಇಂಜಿನ್ 1948 ಸಿಸಿ ಡೀಸೆಲ್ಲು, ಸ್ಟಾರ್ಟ್ ಆಗ್ತಿತ್ತು, ಆದ್ರೆ ಕುಂಟೋದು. ಭಾಯ್ ಲ್ಯಾಪ್‌ಟಾಪ್ ತರಲಿಲ್ಲ. ಒಂದು ಸ್ಪ್ಯಾನರ್ ತಗೊಂಡು, ಇಂಜಿನ್ ಓಡ್ತಿರುವಾಗಲೇ ಒಂದೊಂದು ನಾಜಲ್ ಪೈಪಿನ ನಟ್ಟನ್ನ ಸ್ವಲ್ಪ ಸಡಿಲಿಸಿದ್ರು. ಮೊದಲನೇದು ಸಡಿಲ ಮಾಡ್ದಾಗ ಇಂಜಿನ್ ಇನ್ನೂ ಕುಂಟ್ತು. ಎರಡನೇದಕ್ಕೂ ಹಾಗೇ. ಮೂರನೇದು ಸಡಿಲ ಮಾಡಿದ್ರೆ ಸೌಂಡೇ ಬದಲಾಗಲಿಲ್ಲ. "ಇದೇ ಮಲಗಿರೋದು" ಅಂದ್ರು. ಅಷ್ಟೇ. ಡೀಸೆಲ್ ನಿಂತ್ರೂ ವ್ಯತ್ಯಾಸ ಗೊತ್ತಾಗಲ್ಲ ಅಂದ್ರೆ ಆ ಸಿಲಿಂಡರ್ ಮೊದಲಿಂದಲೂ ಕೆಲಸ ಮಾಡ್ತಿಲ್ಲ ಅಂತ. (ನೀವೇ ಮಾಡೋಕೆ ಹೋಗ್ಬೇಡಿ. ಅಲ್ಲಿ ಚಿಮ್ಮೋ ಡೀಸೆಲ್ ಪ್ರೆಶರ್ ಚರ್ಮದೊಳಗೇ ನುಗ್ಗುತ್ತೆ.)

ಭಾಯ್ ಮಗ ಬೆಂಗಳೂರಲ್ಲಿ ಡೆಲಿವರಿ ಕೆಲಸದಲ್ಲಿದ್ದಾರೆ, ಗ್ಯಾರೇಜ್‌ಗೆ ವಾಪಸ್ ಬರಲ್ಲ. ಹಳೇ ಗಾಡಿ ಬರದಿದ್ರೆ ಆ ವಿದ್ಯೆಗೆ ಕೆಲಸ ಇಲ್ಲ. ಕೆಲಸ ಇಲ್ಲದ ವಿದ್ಯೆ ಒಂದೇ ತಲೆಮಾರಲ್ಲಿ ಹೋಗುತ್ತೆ.

ಉಲ್ಟಾ ಉದಾಹರಣೆ ಬೇಕಾ? ಮೈಸೂರಿನ ಯೆಜ್ಡಿ ನೋಡಿ. ಐಡಿಯಲ್ ಜಾವಾ ಫ್ಯಾಕ್ಟರಿ ಬಾಗಿಲು ಹಾಕಿದ್ದು 1996ರಲ್ಲಿ, ಅಂದ್ರೆ ನಾವು ಹುಟ್ಟೋ ಮೊದಲು. ಆದ್ರೂ ಹಳೇ ಯೆಜ್ಡಿ ಇವತ್ತಿಗೂ ಓಡ್ತಿವೆ, ಸಾಮಾನು ಸಿಗುತ್ತೆ, ರಿಪೇರಿ ಮಾಡೋರಿದ್ದಾರೆ. ಕಾರಣ ಸಿಂಪಲ್. ಓಡಿಸೋರು ಉಳಿದ್ರು, ಅದಕ್ಕೇ ಸಾಮಾನು ಮಾಡೋರೂ ಉಳಿದ್ರು. ಗಾಜಿನ ಪೆಟ್ಟಿಗೇಲಿ ಇಟ್ಟಿದ್ರೆ ಉಳೀತಿರಲಿಲ್ಲ. ಪಿಕಪ್ಪಿಗೂ ಇದೇ ನ್ಯಾಯ. ಪೇಂಟ್ ಹೊಡೆಸಿ ಫೋಟೋಗೆ ನಿಲ್ಲಿಸೋದಲ್ಲ, ತಿಂಗಳಿಗೆ ನಾಲ್ಕು ಸಲ ಆದ್ರೂ ಮೂಟೆ ಹೊರಬೇಕು.

5/6

ಈಗ ಕಾನೂನು. ರೀಲ್ಸಲ್ಲಿ ಇದನ್ನ ಯಾರೂ ಹೇಳಲ್ಲ.

ಒಂದು: ನಮ್ಮಲ್ಲಿ ಹಳೇ ಪಿಕಪ್ಪುಗಳು ಬಹುತೇಕ ಹಳದಿ ಬೋರ್ಡು, ಗೂಡ್ಸ್ ಗಾಡಿ. ಎಂಟು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಎಫ್‌ಸಿ ಮಾಡಿಸಲೇಬೇಕು. ಎಫ್‌ಸಿ ಇಲ್ಲ ಅಂದ್ರೆ ಕಾನೂನಿನ ಕಣ್ಣಲ್ಲಿ ಅದು ರಿಜಿಸ್ಟ್ರೇಷನ್ ಇಲ್ಲದ ಗಾಡಿ ಇದ್ದಹಾಗೆ. ದುಡ್ಡು ಕೊಡೋ ಮೊದಲು ಆರ್‌ಸಿ ನೋಡಿ, ಬಣ್ಣ ಆಮೇಲೆ ನೋಡಿ.

ಎರಡು: ಎಲ್‌ಇಡಿ ಪಟ್ಟಿ, ದಪ್ಪ ಟೈರು, ಬೇರೆ ಇಂಜಿನ್ನು ಅಂತ ಆಸೆ ಇದ್ರೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಓದಿ. ಆರ್‌ಸೀಲಿ ಇರೋ ವಿವರ ಒಂದು, ಗಾಡಿ ಇನ್ನೊಂದು ಆಗೋ ಹಾಗೆ ಬದಲಾಯಿಸೋ ಹಾಗಿಲ್ಲ.

ಮೂರು: "ವಿಂಟೇಜ್ ಮಾಡಿಸ್ಬಿಡು ಮಚ್ಚಾ" ಅನ್ನೋರಿಗೆ. 2021ರ ವಿಂಟೇಜ್ ನಿಯಮಕ್ಕೆ ಗಾಡಿಗೆ 50 ವರ್ಷ ಆಗಿರಬೇಕು. ಹೊಸ ರಿಜಿಸ್ಟ್ರೇಷನ್‌ಗೆ ₹20,000. ದಿನಾ ಓಡಿಸೋ ಹಾಗಿಲ್ಲ. 1988ರ ಪಿಕಪ್ಪಿಗೆ 50 ತುಂಬೋದೇ 2038ಕ್ಕೆ. ಅದಕ್ಕಿಂತ ದೊಡ್ಡ ತೊಡಕು, ಆ ನಿಯಮ ಸ್ವಂತ ಬಳಕೆಯ ಗಾಡಿಗೆ ಮಾತ್ರ, ಗೂಡ್ಸ್ ಗಾಡಿಗಲ್ಲ. ಅಂದ್ರೆ ಮಹಾರಾಜರ ಕಾರಿಗೆ ಚರಿತ್ರೆ ಇದೆ, ರೈತನ ಪಿಕಪ್ಪಿಗೆ ಇಲ್ಲ. ಇದು ಬದಲಾಗಬೇಕು. ದುಡಿದ ಗಾಡಿಗಳಿಗೂ, ಕಮ್ಮಿ ಓಡಾಟದ ಷರತ್ತು ಹಾಕಿ, ಒಂದು ಜಾಗ ಕೊಡ್ಲಿ ಅನ್ನೋದು ನನ್ನ ವಾದ.

ಹೊಗೆ ಬಗ್ಗೆ ಕೇಳ್ತೀರಿ, ಕೇಳಲೇಬೇಕು. ಡೀಸೆಲ್ ಗಾಡಿಗಳಿಗೆ ನಮ್ಮ ದೇಶದಲ್ಲಿ ಹೊಗೆ ಪ್ರಮಾಣದ ಮಿತಿ ಬಂದಿದ್ದೇ 1992ರಲ್ಲಿ. ಈ ಗಾಡಿ ಡಿಸೈನ್ ಅದಕ್ಕಿಂತ ಹಳೇದು. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿ ಪಕ್ಕ ಇದನ್ನ ನಿಲ್ಲಿಸಿದ್ರೆ ಮಾನ ಹೋಗುತ್ತೆ. ಹಾಗಾಗಿ ದಿನಾ ಬೆಂಗಳೂರು ಟ್ರಾಫಿಕ್ಕಲ್ಲಿ ಇದನ್ನ ಓಡಿಸ್ತೀನಿ ಅನ್ನೋರ ಪರ ನಾನಿಲ್ಲ. ತೋಟದಿಂದ ಮಂಡಿಗೆ, ವಾರಕ್ಕೊಮ್ಮೆ. ನಾಜಲ್, ಏರ್ ಫಿಲ್ಟರ್ ಸರಿ ಇಟ್ಕೊಂಡು, ಹೊಗೆ ಟೆಸ್ಟ್ ಪಾಸಾಗಿ. ಪಾಸಾಗಲ್ಲ ಅಂದ್ರೆ ಹಠ ಬೇಡ, ಬಿಟ್ಟುಬಿಡಬೇಕು. ನಮ್ಮನೆ ಗಾಡಿಗೂ ಇದೇ ರೂಲ್ಸು.

6/6

ಯಾರಿಗಾದ್ರೂ ಆಸೆ ಹುಟ್ಟಿದ್ರೆ, ಕೆಲಸದ ಕ್ರಮ ಹೀಗಿರಲಿ. ಭಾಯ್ ಹೇಳಿಕೊಟ್ಟಿದ್ದು.

ಮೊದಲು ಚಾಸಿಸ್. ಸುತ್ತಿಗೇಲಿ ಮೆಲ್ಲಗೆ ಬಡೀರಿ. ಠಣ್ ಅಂದ್ರೆ ಸರಿ, ಬೊದ್ ಅಂದ್ರೆ ಒಳಗೆ ತುಕ್ಕು ತಿಂದಿದೆ. ಚಾಸಿಸ್ ಹೋಗಿದ್ರೆ ಅಲ್ಲಿಗೇ ನಿಲ್ಲಿಸಿ.
ಆಮೇಲೆ ಬ್ರೇಕು, ಸ್ಟೇರಿಂಗು. ನಿಂತ ಗಾಡೀಲಿ ವೀಲ್ ಸಿಲಿಂಡರ್ ರಬ್ಬರು ಮೊದಲು ಹಾಳಾಗುತ್ತೆ.
ಆಮೇಲೆ ಟೈರು. ಗೆರೆ ಚೆನ್ನಾಗಿದೆ ಅಂತ ಮೋಸ ಹೋಗ್ಬೇಡಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, 2318 ಅಂದ್ರೆ 2018ರ 23ನೇ ವಾರ ತಯಾರಾಗಿದ್ದು.
ಆಮೇಲೆ ಡೀಸೆಲ್ ಟ್ಯಾಂಕ್ ಕ್ಲೀನು, ಆಯಿಲ್ಲು, ಇಂಜಿನ್ನು.
ಪೇಂಟು ಕಟ್ಟಕಡೇಗೆ. ರೀಲ್ಸಲ್ಲಿ ಮೊದಲು ಕಾಣೋದು ಇದೇ, ಗ್ಯಾರೇಜಲ್ಲಿ ಕೊನೇಗೆ ಬರೋದೂ ಇದೇ.

ಸಾಮಾನು ಹುಡುಕೋರು ಬೆಂಗಳೂರಿನ ಜೆ.ಸಿ. ರೋಡು, ಶಿವಾಜಿನಗರ ಎರಡೂ ಸುತ್ತಿ. ಹಳೇ ಪಾರ್ಟ್ ಕೈಯಲ್ಲಿ ಹಿಡ್ಕೊಂಡೇ ಹೋಗಿ, ಬಾಯಲ್ಲಿ ಹೇಳಿದ್ರೆ ಬೇರೇದೇ ಕೊಡ್ತಾರೆ.

ಗುಜರಿಗೇ ಕೊಡ್ತೀವಿ ಅನ್ನೋರಿಗೂ ಒಂದು ಮಾತು. ಅದೂ ನಿಮ್ಮ ಹಕ್ಕು. ಆದ್ರೆ ಸರ್ಕಾರದಲ್ಲಿ ನೋಂದಣಿ ಆಗಿರೋ ಸ್ಕ್ರ್ಯಾಪ್ ಕೇಂದ್ರಕ್ಕೆ ಕೊಟ್ಟು ಸರ್ಟಿಫಿಕೇಟ್ ತಗೊಳಿ, ಆರ್‌ಸಿ ರದ್ದು ಮಾಡಿಸಿ. ಇಲ್ಲಾಂದ್ರೆ ಗಾಡಿ ಕರಗಿ ಕಬ್ಬಿಣ ಆದ್ರೂ ದಾಖಲೇಲಿ ನಿಮ್ಮ ಅಪ್ಪನ ಹೆಸರಲ್ಲೇ ಓಡ್ತಿರುತ್ತೆ.

ಈ ಭಾನುವಾರ ಒಂದು ಕೆಲಸ ಮಾಡಿ. ನಿಮ್ಮೂರಲ್ಲಿ ಬೇಲಿ ಪಕ್ಕ, ಹುಲ್ಲಿನ ಬಣವೆ ಹಿಂದೆ ನಿಂತಿರೋ ಹಳೇ ಪಿಕಪ್ ಹುಡುಕಿ. ಯಜಮಾನರನ್ನ ಕೇಳಿ, ಫೋಟೋ ತೆಗೀರಿ, ಅದು ಏನೇನು ಹೊತ್ತಿತ್ತು ಅಂತ ಕೇಳಿ ಬರ್ಕೊಳಿ. ನಂಬರ್ ಪ್ಲೇಟ್ ಮುಚ್ಚಿ ನನಗೆ ಟ್ಯಾಗ್ ಮಾಡಿ. ಗಾಡಿ ಉಳಿಸೋಕೆ ಎಲ್ಲರಿಗೂ ಆಗಲ್ಲ. ಅದು ಎಂಥ ಕೆಲಸ ಮಾಡಿತ್ತು ಅನ್ನೋದನ್ನ ಉಳಿಸೋಕೆ ದುಡ್ಡೇನೂ ಬೇಡ.

ನಾನು ಹೇಳಿದ್ದು ಸುಳ್ಳು ಅನ್ನಿಸಿದ್ರೆ ಕೆಳಗೆ ಬರೀರಿ, ಲೆಕ್ಕ ಸಮೇತ.

#ಹಳೇಪಿಕಪ್ #ದುಡಿದಗಾಡಿ #ಟಾಟಾಮೊಬೈಲ್ #ತಿಪಟೂರು #ಬಿಕಾಂಲೆಕ್ಕ