ಥಂಡಿಯಲ್ಲಿ ಹ್ಯಾಮ್‌ಸ್ಟರ್: ಮಾರುವವರು ಹೇಳಬೇಕು, ಕೊಳ್ಳುವವರು ಕೇಳಬೇಕು

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ

ಕಳೆದ ಡಿಸೆಂಬರಿನಲ್ಲಿ ನಮ್ಮ ಮನೆಯಲ್ಲಿ ಒಂದು ಹ್ಯಾಮ್‌ಸ್ಟರ್ ಸತ್ತಿತು. ಸತ್ತಿತು ಎಂದು ನಾವು ತಿಳಿದುಕೊಂಡೆವು ಅಂತ ಬರೆಯುವುದೇ ಹೆಚ್ಚು ಸರಿ. ಇದನ್ನು ಬರೆಯಬೇಕೋ ಬೇಡವೋ ಎಂದು ಒಂದು ವರ್ಷ ಯೋಚಿಸಿದ್ದೇನೆ. ಈಗ ಬೀದರಿನಲ್ಲಿ ಮತ್ತೆ ಥಂಡಿ ಶುರುವಾಗಿದೆ. ನಮ್ಮ ಕಾಲೇಜಿನಲ್ಲೇ ನಾಲ್ಕು ಜನರ ಮನೆಯಲ್ಲಿ ಹ್ಯಾಮ್‌ಸ್ಟರ್ ಇದೆ ಎಂದು ಮೊನ್ನೆ ಊಟದ ಬಿಡುವಿನಲ್ಲಿ ಗೊತ್ತಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮಾಮು ಹೈದರಾಬಾದಿನಲ್ಲಿ ಕೆಲಸ ಮಾಡುತ್ತಾರೆ. ಅಕ್ಟೋಬರಿನಲ್ಲಿ ಬಂದಾಗ ನನ್ನ ತಮ್ಮನಿಗೆ ಅಲ್ಲಿನ ಒಂದು ಅಂಗಡಿಯಿಂದ ಹ್ಯಾಮ್‌ಸ್ಟರ್ ತಂದುಕೊಟ್ಟರು. ಪಂಜರ, ಓಡುವ ಚಕ್ರ, ನೀರಿನ ಬಾಟಲಿ, ಒಂದು ಪೊಟ್ಟಣ ಕಾಳು ಎಲ್ಲ ಸೇರಿ 1,400 ರೂಪಾಯಿ. "ಚೂಹೇ ಕು ಬೀ ಪೈಸೆ ದೇತೇ ಕ್ಯಾ?" ಎಂದು ದಾದಿ ಕೇಳಿದರು. ಇಲಿಗೆ ದುಡ್ಡು ಕೊಟ್ಟು ಮನೆಗೆ ತಂದ ಮೊದಲ ವಂಶ ನಮ್ಮದೇ ಇರಬೇಕು ಎಂಬುದು ಅವರ ಬೇಜಾರು. ಆದರೆ ಒಂದು ವಾರದಲ್ಲಿ ಅವರೇ ತಮ್ಮ ಜೋಳದ ರೊಟ್ಟಿಯ ಚೂರನ್ನು ಪಂಜರದ ಕಂಬಿಯೊಳಗೆ ತೂರಿಸುತ್ತಿದ್ದರು. ಅದು ಎರಡೂ ಕೈಯಲ್ಲಿ ಹಿಡಿದು ಕೆನ್ನೆಯ ಚೀಲಕ್ಕೆ ತುಂಬಿಕೊಳ್ಳುತ್ತಿತ್ತು. ಬಣ್ಣ ನೋಡಿ ತಮ್ಮ ಅದಕ್ಕೆ ಬಾದಾಮ್ ಎಂದು ಹೆಸರಿಟ್ಟ.

ನಮ್ಮದು ಹಳೇ ಊರಿನ ಮನೆ. ಕೆಂಪು ಕಲ್ಲಿನ ದಪ್ಪ ಗೋಡೆ, ಎತ್ತರದ ಮಾಳಿಗೆ, ನಡುವೆ ಅಂಗಳ. ಬೇಸಿಗೆಗೆ ಇಂಥ ಮನೆ ಬೇರೆ ಇಲ್ಲ. ಡಿಸೆಂಬರಿನಲ್ಲಿ ಮಾತ್ರ ನೆಲದ ಮೇಲೆ ಕಾಲಿಡಲು ಆಗುವುದಿಲ್ಲ. ಬೀದರಿನಲ್ಲಿ ಚಳಿಗಾಲದ ರಾತ್ರಿ ಉಷ್ಣಾಂಶ 10 ಡಿಗ್ರಿಗೂ ಕೆಳಗೆ ಇಳಿಯುತ್ತದೆ ಎಂದು ಇಲ್ಲಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನಾವು ಕೌದಿ, ರಜಾಯಿ ಎಲ್ಲ ಹೊದ್ದು ಮಲಗಿದೆವು. ಬಾದಾಮ್‌ನ ಪಂಜರ ಅಂಗಳದ ಕಡೆಯ ಕಿಟಕಿಯ ಕಟ್ಟೆಯ ಮೇಲಿತ್ತು. ಅದರಲ್ಲಿ ಬೆರಳಿನಷ್ಟು ದಪ್ಪ ಕಟ್ಟಿಗೆ ಪುಡಿ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಮೈಮೇಲೆ ತುಪ್ಪಳ ಇದೆಯಲ್ಲ, ಅದಕ್ಕೇನು ಚಳಿ ಎಂದುಕೊಂಡೆವು.

ಒಂದು ಬೆಳಿಗ್ಗೆ ನೋಡಿದರೆ ಮುದ್ದೆಯಾಗಿ ಬಿದ್ದಿದೆ. ಮುಟ್ಟಿದರೆ ತಣ್ಣಗೆ. ಅಲುಗಾಡಿಸಿದರೂ ಕಣ್ಣು ಬಿಡಲಿಲ್ಲ. ತಮ್ಮ ಅತ್ತ. ಅಬ್ಬಾ ಅಂಗಡಿ ತೆರೆಯುವ ಹೊತ್ತಾಗಿತ್ತು. ನಮ್ಮಲ್ಲಿ ಮಯ್ಯತ್ ಇಟ್ಟುಕೊಂಡು ತಡ ಮಾಡುವುದಿಲ್ಲ. ಆ ರೂಢಿಯ ಅವಸರ ಒಂದು ಸಣ್ಣ ಪ್ರಾಣಿಯ ವಿಷಯಕ್ಕೂ ಬಂತು ಎಂದು ಈಗ ಅನಿಸುತ್ತದೆ. ಅರ್ಧ ಗಂಟೆಯೊಳಗೆ ಅಂಗಳದ ಸೀಬೆ ಗಿಡದ ಬುಡದಲ್ಲಿ ಗುಂಡಿ ತೋಡಿ ಮಣ್ಣು ಮುಚ್ಚಿದರು. ಅಬ್ಬಾ ಅದನ್ನು ಒಂದು ಬಿಳಿ ಕರವಸ್ತ್ರದಲ್ಲಿ ಸುತ್ತಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಮಾಡಿದ್ದು ಪ್ರೀತಿಯಿಂದಲೇ.

ಮೂರು ವಾರದ ನಂತರ ವಿಜ್ಞಾನ ವಿಭಾಗದ ಗೆಳತಿಗೆ ಈ ಕಥೆ ಹೇಳಿದೆ. ಅವಳು ಸುಮ್ಮನಾದಳು. ಆಮೇಲೆ, "ಉಸಿರಾಟ ನೋಡಿದ್ರಾ?" ಎಂದು ಕೇಳಿದಳು. ಇಬ್ಬರೂ ಜೀವಶಾಸ್ತ್ರದ ಮೇಡಂ ಹತ್ತಿರ ಹೋದೆವು. ಅವರು ಹೇಳಿದ್ದನ್ನು ಕೇಳಿ ಅವತ್ತು ನಾನು ಮನೆಗೆ ನಡೆದುಕೊಂಡೇ ಹೋದೆ, ಆಟೋ ಹತ್ತಲಿಲ್ಲ.

ಹ್ಯಾಮ್‌ಸ್ಟರ್‌ಗೆ ಚಳಿ ಅತಿಯಾದರೆ, ಜೊತೆಗೆ ಬೆಳಕು ಮತ್ತು ಆಹಾರ ಕಡಿಮೆಯಾದರೆ, ಅದರ ದೇಹ ಒಂದು ರೀತಿ ಬಾಗಿಲು ಹಾಕಿಕೊಳ್ಳುತ್ತದೆ. ಸಾಮಾನ್ಯ ಸ್ಥಿತಿಯಲ್ಲಿ ಅದರ ಹೃದಯ ನಿಮಿಷಕ್ಕೆ ಮುನ್ನೂರು ನಾನೂರು ಸಲ ಬಡಿಯುತ್ತದೆ. ಈ ಸ್ಥಿತಿಯಲ್ಲಿ ಅದು ಕೆಲವೇ ಬಡಿತಗಳಿಗೆ ಇಳಿಯುತ್ತದೆ. ಮೈಯ ಬಿಸಿ ಹೋಗಿ ಸುತ್ತಲಿನ ಗಾಳಿಯಷ್ಟೇ ತಣ್ಣಗಾಗುತ್ತದೆ. ಒಂದು ಉಸಿರಿಗೂ ಇನ್ನೊಂದು ಉಸಿರಿಗೂ ನಡುವೆ ನಿಮಿಷಗಟ್ಟಲೆ ಅಂತರ ಇರಬಹುದು. ನೋಡಿದವರಿಗೆ ಅದು ಸತ್ತಂತೆಯೇ ಕಾಣುತ್ತದೆ. ಇದಕ್ಕೆ ಇಂಗ್ಲಿಷಿನಲ್ಲಿ ಟಾರ್ಪರ್ ಎನ್ನುತ್ತಾರೆ. ನಿಧಾನವಾಗಿ ಬೆಚ್ಚಗೆ ಮಾಡಿದರೆ ಬಹಳಷ್ಟು ಸಲ ಎಚ್ಚರವಾಗುತ್ತದೆ. ಹಾಗೇ ಬಿಟ್ಟರೆ ಸಾಯಲೂಬಹುದು.

ಬಾದಾಮ್ ನಿಜವಾಗಿ ಸತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ.

ಈ ಪ್ರಾಣಿ ಎಲ್ಲಿಂದ ಬಂತು ಎಂದು ಆಮೇಲೆ ಓದಿದೆ. ಮೊದಲೇ ಓದಬೇಕಿತ್ತು. ಅಂಗಡಿಗಳಲ್ಲಿ ಸಿಗುವ ಬಂಗಾರದ ಬಣ್ಣದ ಹ್ಯಾಮ್‌ಸ್ಟರ್ ಸಿರಿಯಾ ದೇಶದ್ದು. 1930ರಲ್ಲಿ ಇಸ್ರೇಲ್ ಅಹರೋನಿ ಎಂಬ ಪ್ರಾಣಿಶಾಸ್ತ್ರಜ್ಞರು ಹಲಬ್ ಹತ್ತಿರದ ಹೊಲದಲ್ಲಿ ನೆಲ ಅಗೆಸಿ ಒಂದು ತಾಯಿಯನ್ನೂ ಹನ್ನೊಂದು ಮರಿಗಳನ್ನೂ ಹಿಡಿದರು. ಅವುಗಳಲ್ಲಿ ಕೆಲವೇ ಉಳಿದವು. ಇಂದು ಜಗತ್ತಿನ ಮನೆಗಳಲ್ಲೂ ಪ್ರಯೋಗಾಲಯಗಳಲ್ಲೂ ಇರುವ ಈ ಜಾತಿಯ ಹ್ಯಾಮ್‌ಸ್ಟರ್‌ಗಳು ಹೆಚ್ಚುಕಡಿಮೆ ಎಲ್ಲ ಆ ಒಂದು ಗೂಡಿನ ಸಂತತಿ. ಹಲಬ್ ಎಂದರೆ ಅಲೆಪ್ಪೊ. ದಾದಿಗೆ ಇದನ್ನು ಹೇಳಿದಾಗ, "ಶಾಮ್ ದೇಶದ್ದಾ?" ಎಂದು ಒಮ್ಮೆಲೇ ಅವರ ಗೌರವ ಹೆಚ್ಚಿತು. ಇಲಿ ಎನ್ನುವುದನ್ನು ಮಾತ್ರ ಬಿಡಲಿಲ್ಲ.

ಹಲಬ್‌ನಲ್ಲಿ ಚಳಿ ಇಲ್ಲವೇ? ಇದೆ, ಬೀದರಿಗಿಂತ ಹೆಚ್ಚೇ ಇದೆ. ಹಾಗಾದರೆ ಅಲ್ಲಿ ಹೇಗೆ ಬದುಕುತ್ತವೆ? ಅವು ಅರ್ಧ ಮೀಟರ್‌ಗೂ ಹೆಚ್ಚು ಆಳಕ್ಕೆ ಬಿಲ ತೋಡುತ್ತವೆ, ಕಾಳು ಕೂಡಿಟ್ಟುಕೊಳ್ಳುತ್ತವೆ, ಬಿಲದೊಳಗೆ ಹುಲ್ಲಿನ ಗೂಡು ಮಾಡಿ ಮಲಗುತ್ತವೆ. ಅಷ್ಟು ಆಳದಲ್ಲಿ ಮಣ್ಣು ಮೇಲಿನ ಗಾಳಿಯಂತೆ ಒಂದೇ ರಾತ್ರಿಯಲ್ಲಿ ತಣ್ಣಗಾಗುವುದಿಲ್ಲ. ನಾವು ಅದನ್ನು ತಂದು ನಾಲ್ಕೂ ಕಡೆ ಗಾಳಿ ಆಡುವ ಕಂಬಿಯ ಪಂಜರದಲ್ಲಿಟ್ಟೆವು, ತೋಡಲು ಬೆರಳಿನಷ್ಟು ಪುಡಿ ಕೊಟ್ಟೆವು. ಅದರ ಇಡೀ ತೂಕ 100ರಿಂದ 150 ಗ್ರಾಂ, ಕುಬ್ಜ ಜಾತಿಯದಾದರೆ ಅದಕ್ಕಿಂತಲೂ ಬಹಳ ಕಡಿಮೆ. ಇಷ್ಟು ಸಣ್ಣ ಮೈಯಿಂದ ಶಾಖ ಎಷ್ಟು ಬೇಗ ಹೋಗುತ್ತದೆ ಎಂದು ತಿಳಿಯಲು ದೊಡ್ಡ ಪಾತೇಲಿಯ ಚಹಾ ಮತ್ತು ಕಪ್ಪಿನ ಚಹಾ ಯಾವುದು ಮೊದಲು ಆರುತ್ತದೆ ಎಂದು ನೋಡಿದರೆ ಸಾಕು.

ಇನ್ನು ಏನು ಮಾಡಬೇಕು ಎಂಬುದು. ಅದಕ್ಕೆ ಸುಮಾರು 18ರಿಂದ 24 ಡಿಗ್ರಿ ಹಿತ. ಪಂಜರವನ್ನು ಕಿಟಕಿ, ಬಾಗಿಲು, ಬರಿನೆಲ ಇವುಗಳಿಂದ ದೂರ ಇಡಿ. ಮನೆಯವರು ಮಲಗುವ ಕೋಣೆಯ ಒಳಗೋಡೆಯ ಪಕ್ಕ ಒಂದು ಮೇಜಿನ ಮೇಲೆ ಇಟ್ಟರೆ ಒಳ್ಳೆಯದು. ಹಾಸು ಗೇಣುದ್ದ ಆಳ ಇರಲಿ, ತೋಡಿಕೊಂಡು ಒಳಗೆ ಹೋಗುವಷ್ಟು. ಬಣ್ಣ, ವಾಸನೆ ಇಲ್ಲದ ಟಿಶ್ಯೂ ಪೇಪರನ್ನು ಪಟ್ಟಿಪಟ್ಟಿಯಾಗಿ ಹರಿದು ಕೊಟ್ಟರೆ ತಾನೇ ಗೂಡು ಕಟ್ಟಿಕೊಳ್ಳುತ್ತದೆ. ಹತ್ತಿ ಬೇಡವೇ ಬೇಡ. ಬೆಚ್ಚಗಿರಲಿ ಎಂದು ಬಹಳ ಜನ ಹತ್ತಿಯನ್ನೇ ಹಾಕುತ್ತಾರೆ. ಅದರ ಎಳೆ ಕಾಲಿಗೆ ಸುತ್ತಿಕೊಳ್ಳುತ್ತದೆ, ನುಂಗಿದರೆ ಹೊಟ್ಟೆಯಲ್ಲಿ ಕಟ್ಟಿಕೊಳ್ಳುತ್ತದೆ. ರಾತ್ರಿ ಪಂಜರದ ಮೂರು ಕಡೆ ಹಳೇ ಕೌದಿ ಹೊದಿಸಿ, ಒಂದು ಕಡೆ ಗಾಳಿಗೆ ಬಿಡಿ. ಬಿಸಿನೀರಿನ ಚೀಲ ಇಡುವುದಾದರೆ ಬಟ್ಟೆಯಲ್ಲಿ ಸುತ್ತಿ ಪಂಜರದ ಹೊರಗೆ, ಒಂದೇ ಬದಿಗೆ ಇಡಿ. ಸೆಕೆ ಆದರೆ ಅದು ಇನ್ನೊಂದು ಬದಿಗೆ ಸರಿದುಕೊಳ್ಳಬೇಕಲ್ಲ. ಶೇಗಡಿಯ ಕೆಂಡವನ್ನು ಮುಚ್ಚಿದ ಕೋಣೆಯಲ್ಲಿಟ್ಟರೆ ಅದರ ಹೊಗೆ ಹ್ಯಾಮ್‌ಸ್ಟರ್‌ಗಷ್ಟೇ ಅಲ್ಲ, ನಮಗೂ ಪ್ರಾಣಾಪಾಯ. ಥಂಡಿ ದಿನಗಳಲ್ಲಿ ಕಾಳು ಸ್ವಲ್ಪ ಹೆಚ್ಚು ಕೊಡಿ. ಅದು ಕೂಡಿಟ್ಟ ಕಾಳನ್ನು ಕಸ ಎಂದು ಪೂರ್ತಿ ಗುಡಿಸಿ ಹಾಕಬೇಡಿ. ಸ್ನಾನವಂತೂ ಮಾಡಿಸಲೇಬಾರದು. ಚಳಿಯಾಗುತ್ತದೆ, ಜೊತೆಗಿರಲಿ ಎಂದು ಎರಡನ್ನು ಒಂದೇ ಪಂಜರದಲ್ಲಿ ಇಡಲೂಬೇಡಿ. ಈ ಸಿರಿಯಾ ಜಾತಿ ಒಂಟಿ ಪ್ರಾಣಿ, ಎರಡಿದ್ದರೆ ಒಂದನ್ನೊಂದು ಕಚ್ಚಿ ಕೊಲ್ಲುತ್ತವೆ.

ಒಂದು ಬೆಳಿಗ್ಗೆ ತಣ್ಣಗೆ ಬಿದ್ದಿದ್ದರೆ ಮೊದಲು ಗಡಿಯಾರ ಹಿಡಿದು ಐದಾರು ನಿಮಿಷ ಹೊಟ್ಟೆಯ ಪಕ್ಕವನ್ನೂ ಮೀಸೆಯನ್ನೂ ನೋಡಿ. ಏನೂ ಕಾಣದಿದ್ದರೂ ಸತ್ತಿದೆ ಎಂದು ತೀರ್ಮಾನಿಸಬೇಡಿ. ಎರಡೂ ಅಂಗೈ ಸೇರಿಸಿ ಹಿಡಿಯಿರಿ, ಸ್ವೆಟರಿನ ಒಳಗೆ ಮೈಗೆ ತಾಗಿಸಿಕೊಂಡು ಕುಳಿತುಕೊಳ್ಳಿ. ಅರ್ಧ ಗಂಟೆ ಆಗಬಹುದು, ಎರಡು ಮೂರು ಗಂಟೆಯೂ ಆಗಬಹುದು. ಬಿಸಿನೀರಿನಲ್ಲಿ ಅದ್ದುವುದು, ಹೀಟರ್ ಮುಂದೆ ಹಿಡಿಯುವುದು, ಬಾಯಿಗೆ ನೀರು ಹಾಕುವುದು ಯಾವುದೂ ಬೇಡ. ನಡುಗಲು ಶುರು ಮಾಡಿದರೆ ಅದು ಒಳ್ಳೆಯ ಲಕ್ಷಣ. ಪೂರ್ತಿ ಎಚ್ಚರವಾದ ಮೇಲೆ ನೀರು, ಆಹಾರ ಕೊಟ್ಟು ಪಶುವೈದ್ಯರಿಗೆ ತೋರಿಸಿ. ಇಡೀ ಕರ್ನಾಟಕದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇರುವುದೇ ನಮ್ಮ ಬೀದರಿನಲ್ಲಿ. ಅವತ್ತು ಬೆಳಿಗ್ಗೆ ಅದು ನಮ್ಮ ಮನೆಯಲ್ಲಿ ಒಬ್ಬರಿಗೂ ನೆನಪಾಗಲಿಲ್ಲ. ಇಲಿಗೆ ಡಾಕ್ಟರೇ ಎಂದು ನಗುತ್ತಾರೆ ಅನ್ನುವ ಅಂಜಿಕೆಯೂ ಇದ್ದಿರಬೇಕು.

ಈಗ ನನ್ನ ತಕರಾರು. ಮಾಮುಗೆ ಅಂಗಡಿಯಲ್ಲಿ ಚಕ್ರದ ಬೆಲೆ ಹೇಳಿದರು, ಕಾಳಿನ ಬೆಲೆ ಹೇಳಿದರು. ಚಳಿಯ ಬಗ್ಗೆ ಒಂದು ಮಾತೂ ಹೇಳಲಿಲ್ಲ. ಎರಡು ರೂಪಾಯಿಯ ಝೆರಾಕ್ಸ್ ಹಾಳೆಯಲ್ಲಿ ನಾಲ್ಕು ಸಾಲು ಬರೆದುಕೊಟ್ಟಿದ್ದರೆ ಸಾಕಿತ್ತು. ಮಿಕ್ಸಿ ಕೊಂಡರೆ ಕೂಡ ಪುಸ್ತಕ ಕೊಡುತ್ತಾರೆ. ಕೇಂದ್ರ ಸರ್ಕಾರ 2018ರಲ್ಲಿ ಸಾಕುಪ್ರಾಣಿ ಅಂಗಡಿಗಳಿಗೆ ನಿಯಮ ಮಾಡಿದೆ. ಅಂಗಡಿ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಿರಬೇಕು, ಮತ್ತು ಆ ನಿಯಮದಲ್ಲಿ ನಾಯಿ, ಬೆಕ್ಕು, ಮೊಲಗಳ ಜೊತೆ ಹ್ಯಾಮ್‌ಸ್ಟರ್‌ನ ಹೆಸರೂ ಇದೆ. ಹಾಗಾಗಿ ಕೊಳ್ಳುವವರು ನೋಂದಣಿ ಎಲ್ಲಿದೆ ಎಂದು ಕೇಳಲಿ. ಕೇಳುವ ಗಿರಾಕಿ ಇದ್ದರೆ ಮಾತ್ರ ಅಂಗಡಿಯವರೂ ಬದಲಾಗುತ್ತಾರೆ. ಇದು ವಾಣಿಜ್ಯ ಓದುವವಳ ಮಾತು.

ಪೂರ್ತಿ ತಪ್ಪನ್ನು ಅಂಗಡಿಯ ಮೇಲೆ ಹಾಕಿ ನಾನು ತಪ್ಪಿಸಿಕೊಳ್ಳಲಾರೆ. ಅಕೌಂಟೆನ್ಸಿಯಲ್ಲಿ ಯಂತ್ರ ಕೊಂಡ ಖರ್ಚು ಬೇರೆ, ಅದನ್ನು ನಡೆಸುವ ಖರ್ಚು ಬೇರೆ ಎಂದು ಮೊದಲ ವರ್ಷವೇ ಕಲಿಯುತ್ತೇವೆ. ನಾನು ಆಗ ಅದೇ ಪಾಠ ಓದುತ್ತಿದ್ದೆ. ಹ್ಯಾಮ್‌ಸ್ಟರ್ ಎರಡು ಮೂರು ವರ್ಷ ಬದುಕುತ್ತದೆ ಎಂದರೆ ಎರಡು ಮೂರು ಚಳಿಗಾಲ ಎಂದರ್ಥ. ಆ ಲೆಕ್ಕ ನಾವು ಯಾರೂ ಹಾಕಲಿಲ್ಲ. ಹತ್ತು ವರ್ಷದ ಹುಡುಗನ ಕೈಗೆ ಪಂಜರ ಕೊಟ್ಟು, "ನಿನ್ನ ಜವಾಬ್ದಾರಿ" ಎಂದು ದೊಡ್ಡವರೆಲ್ಲ ಕೈ ತೊಳೆದುಕೊಂಡೆವು. ಮನೆಯ ಒಬ್ಬ ದೊಡ್ಡವರು ನಾನು ನೋಡಿಕೊಳ್ಳುತ್ತೇನೆ ಎಂದು ಒಪ್ಪದೆ ಮಕ್ಕಳಿಗೆ ಜೀವ ಇರುವ ಉಡುಗೊರೆ ಕೊಡಬಾರದು, ಅದು ಎಷ್ಟೇ ಅಗ್ಗವಾಗಿರಲಿ. ಅಗ್ಗ ಎಂಬುದೇ ಇಲ್ಲಿ ತೊಂದರೆ. ಹತ್ತು ಸಾವಿರದ ನಾಯಿಯಾಗಿದ್ದರೆ ಇಷ್ಟು ಬೇಗ ಗುಂಡಿ ತೋಡುತ್ತಿದ್ದೆವಾ?

ಇದನ್ನು ಓದಿಸಿದಾಗ ನನ್ನ ಕ್ಲಾಸಿನ ಒಬ್ಬಳು, ಬಸ್ ಸ್ಟ್ಯಾಂಡಿನಲ್ಲಿ ಮನುಷ್ಯರೇ ಥಂಡಿಯಲ್ಲಿ ಮಲಗಿರುವಾಗ ಇಲಿಯ ಬಗ್ಗೆ ಬರೆಯುತ್ತೀಯಲ್ಲ ಎಂದಳು. ಅವಳ ಮಾತು ಸುಳ್ಳಲ್ಲ. ಆದರೆ ಹ್ಯಾಮ್‌ಸ್ಟರ್‌ಗೆ ಬೇಕಾದದ್ದು ಒಂದು ಹಳೇ ಬಟ್ಟೆ ಮತ್ತು ಪಂಜರವನ್ನು ನಾಲ್ಕು ಅಡಿ ಸರಿಸುವ ಕೆಲಸ. ಅದರಿಂದ ಯಾರ ಕಂಬಳಿಯೂ ಕಡಿಮೆ ಆಗುವುದಿಲ್ಲ. ಮತ್ತೆ, ಅದು ತಾನಾಗಿ ನಮ್ಮ ಮನೆಗೆ ಬಂದದ್ದಲ್ಲ. ಬೆಕ್ಕನ್ನು ಕಟ್ಟಿಹಾಕಿ ತಾನೂ ತಿನ್ನಲು ಕೊಡದೆ, ಹೊರಗೆ ಹೋಗಿ ತಿನ್ನಲೂ ಬಿಡದೆ ಸಾಯಿಸಿದ ಹೆಂಗಸಿನ ಹದೀಸ್ ನಮ್ಮಲ್ಲಿ ಎಲ್ಲರೂ ಮದರಸಾದಲ್ಲಿ ಕೇಳಿದವರೇ. ನಾನು ಅದನ್ನು ಯಾವಾಗಲೂ ಊಟದ ವಿಷಯ ಎಂದುಕೊಂಡಿದ್ದೆ. ಈಗ ಕಟ್ಟಿಹಾಕಿದ್ದರ ವಿಷಯ ಎಂದು ಅನಿಸುತ್ತದೆ. ಬಾದಾಮ್ ಹೊರಗಿದ್ದಿದ್ದರೆ ಬಿಲ ತೋಡಿಕೊಳ್ಳುತ್ತಿತ್ತು.

ತಮ್ಮನಿಗೆ ಇದನ್ನು ಹೇಳಿರಲಿಲ್ಲ. ಪತ್ರಿಕೆ ಮನೆಗೆ ಬಂದರೆ ಅವನು ಓದಿಯೇ ಓದುತ್ತಾನೆ, ಅವನ ಕನ್ನಡ ನನಗಿಂತ ಚೆನ್ನಾಗಿದೆ. ಹಾಗಾಗಿ ಸಂಪಾದಕರಿಗೆ ಕೊಡುವ ಮೊದಲು ಮೊನ್ನೆ ರಾತ್ರಿ ಕೂರಿಸಿಕೊಂಡು ಹೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆಪಾ, ಅಬ್ಬಾಗೆ ಹೇಳಬೇಡ" ಎಂದ. ಆದರೆ ಅಬ್ಬಾಗೂ ಹೇಳಿದ್ದೇನೆ, ಹೇಳದೆ ಅಚ್ಚು ಮಾಡಿಸುವುದು ಸರಿಯಲ್ಲ. ಅವರು ಪೂರ್ತಿ ಕೇಳಿ, ಹೆಸರು ಹಾಕಬೇಡ, ಆದರೆ ಬರೆ ಎಂದರು.

ನಾಲ್ಕು ಜನ ಎಂದೆನಲ್ಲ, ಅವರಲ್ಲಿ ಮೂವರ ಪಂಜರ ಒಳಕೋಣೆಯಲ್ಲೇ ಇದೆ, ಕೇಳಿದ್ದೇನೆ. ನಾಲ್ಕನೆಯವಳು ಕಲಾ ವಿಭಾಗದವಳು, ಅವಳ ಮನೆಯಲ್ಲಿ ಅದು ಬಾಲ್ಕನಿಯಲ್ಲಿದೆ. ಇವತ್ತು ಕೊನೆಯ ಪೀರಿಯಡ್ ಮುಗಿದ ಮೇಲೆ ಇಬ್ಬರೂ ಹೋಗಿ ಒಳಗೆ ತರುತ್ತೇವೆ. ನನ್ನ ಬ್ಯಾಗಿನಲ್ಲಿ ಒಂದು ಹಳೇ ಕೌದಿ ಇದೆ.