ನೀರು ಹಿಂದಕ್ಕೂ ಹರಿಯುತ್ತದೆ, ಪರೀಕ್ಷಿಸುವವರು ಯಾರು?

ಮಳೆಗಾಲ ಬಂತೆಂದರೆ ನಮ್ಮಂಥ ಸ್ಟ್ರಿಂಜರ್‌ಗಳು ಪ್ರತಿ ವರ್ಷ ಬರೆಯುವ ಒಂದು ಸುದ್ದಿ ಇದೆ. ಇಂಥ ಊರಿನಲ್ಲಿ ವಾಂತಿ-ಭೇದಿ, ಕಲುಷಿತ ನೀರಿನ ಶಂಕೆ, ಮಾದರಿ ಪ್ರಯೋಗಾಲಯಕ್ಕೆ ರವಾನೆ. ಮೂರು ಪ್ಯಾರಾ, ಒಂದು ಫೋಟೋ. ಪ್ರಯೋಗಾಲಯದ ವರದಿ ಬರುವ ಹೊತ್ತಿಗೆ ನಾವು ಬೇರೆ ಸುದ್ದಿಯ ಹಿಂದೆ ಹೋಗಿರುತ್ತೇವೆ. ಕೊಳೆ ಪೈಪಿನೊಳಗೆ ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ನಾವು ಕೇಳಿದ್ದು ಕಡಿಮೆ.

ಆ ಪ್ರಶ್ನೆ ನಮಗೆ ಎದುರಾದದ್ದು ಮುಟ್ಟಳ್ಳಿ ಕಡೆಯ ಒಂದು ವಾಣಿಜ್ಯ ಕಟ್ಟಡದ ಹಿಂಬದಿಯಲ್ಲಿ. ಬೇಸಿಗೆಯ ನೀರಿನ ಕೊರತೆ ಬಗ್ಗೆ ಬರೆಯಲು ಹೋಗಿದ್ದೆವು. ಅಲ್ಲಿ ಪ್ಲಂಬರ್ ಒಬ್ಬರು ಗೋಡೆಯ ಪಕ್ಕದ ಪೈಪುಗಳನ್ನು ತೋರಿಸಿದರು. ಒಂದು ಪಂಚಾಯ್ತಿ ನಲ್ಲಿಯದು, ಇನ್ನೊಂದು ಬಾವಿಯ ಪಂಪಿನದು, ಮತ್ತೊಂದು ಟ್ಯಾಂಕರ್ ನೀರು ತುಂಬುವ ಸಂಪಿನದು. ಮೂರೂ ಒಂದೇ ಕಡೆ ಸೇರಿ ಮೇಲಿನ ಟ್ಯಾಂಕಿಗೆ ಹೋಗುತ್ತವೆ. ನಡುವೆ ಇದ್ದದ್ದು ಒಂದು ಗೇಟ್ ವಾಲ್ವ್ ಮಾತ್ರ.

"ಈ ವಾಲ್ವ್ ಬಂದ್ ಮಾಡೂದು ಮರೆತು ಪಂಪ್ ಹಾಕಿದ್ರೆ ಬಾವಿ ನೀರು ಪಂಚಾಯ್ತಿ ಲೈನಿಗೆ ಹೋಗ್ತದೆ" ಎಂದರು.

"ಹೋದದ್ದು ಗೊತ್ತಾಗುವುದು ಹೇಗೆ?"

"ಗೊತ್ತಾಗೂದಿಲ್ಲ ಮಾರಾಯ್ರೆ."

ಇದಕ್ಕೆ ಪ್ಲಂಬಿಂಗ್‌ನಲ್ಲಿ ಬ್ಯಾಕ್‌ಫ್ಲೋ ಎನ್ನುತ್ತಾರೆ. ನೀರು ಬರಬೇಕಾದ ಕಡೆಯಿಂದ ಬರದೆ ಹಿಂದಕ್ಕೆ ಹರಿಯುವುದು. ಇದಕ್ಕೆ ಎರಡು ದಾರಿ. ಕಟ್ಟಡದ ಪಂಪಿನ ಒತ್ತಡ ಊರಿನ ಲೈನಿನ ಒತ್ತಡಕ್ಕಿಂತ ಹೆಚ್ಚಾದರೆ ನೀರು ಹೊರಗೆ ತಳ್ಳಲ್ಪಡುತ್ತದೆ. ಊರಿನ ಲೈನ್ ಖಾಲಿಯಾದರೆ ಕಟ್ಟಡದೊಳಗಿನ ನೀರನ್ನು ಅದು ಎಳೆದುಕೊಳ್ಳುತ್ತದೆ. ಸ್ಟ್ರಾದಲ್ಲಿ ಎಳನೀರು ಎಳೆದ ಹಾಗೆ. ಬಕೆಟ್ಟಿನಲ್ಲಿ ಮುಳುಗಿಸಿಟ್ಟ ಹೋಸ್ ಪೈಪು, ಪಾಯಿಖಾನೆಯ ಹ್ಯಾಂಡ್ ಶವರ್, ತುಂಬಿದ ಸಂಪಿನೊಳಗೆ ಇಳಿಬಿಟ್ಟ ನಲ್ಲಿಯ ತುದಿ, ಎಲ್ಲವೂ ಆಗ ಊರಿನ ಕುಡಿಯುವ ನೀರಿಗೆ ಬಾಗಿಲೇ.

ಅಮೆರಿಕದ ಒಂದು ಪ್ರಕರಣವನ್ನು ಈ ವಿಷಯ ಕಲಿಸುವವರು ಇಂದಿಗೂ ಹೇಳುತ್ತಾರೆ. 1969ರಲ್ಲಿ ಮ್ಯಾಸಚೂಸೆಟ್ಸ್‌ನ ಹೋಲಿ ಕ್ರಾಸ್ ಕಾಲೇಜಿನ ಫುಟ್‌ಬಾಲ್ ತಂಡದ ಬಹುತೇಕ ಎಲ್ಲರಿಗೂ ಹೆಪಟೈಟಿಸ್ ಬಂತು. ಆ ವರ್ಷದ ಉಳಿದ ಪಂದ್ಯಗಳೇ ರದ್ದಾದವು. ಹತ್ತಿರದಲ್ಲಿ ಬೆಂಕಿ ಬಿದ್ದು, ಅಗ್ನಿಶಾಮಕದವರು ನೀರು ಎಳೆದಾಗ ಲೈನಿನ ಒತ್ತಡ ಕುಸಿದಿತ್ತು. ಮೈದಾನಕ್ಕೆ ನೀರು ಬಿಡುವ, ನೆಲದೊಳಗಿನ ನಲ್ಲಿಗಳ ಗುಂಡಿಯಲ್ಲಿ ನಿಂತಿದ್ದ ಕೊಳಕು ನೀರು ಪೈಪಿನೊಳಗೆ ಹೋಗಿ, ಆಟಗಾರರು ಕುಡಿಯುವ ನಲ್ಲಿಯಲ್ಲಿ ಬಂತು. ಇನ್ನೂ ಹಿಂದೆ, 1933ರಲ್ಲಿ, ಶಿಕಾಗೋದ ಹೋಟೆಲುಗಳಿಂದ ಹರಡಿದ ಅಮೀಬಿಕ್ ಭೇದಿಗೆ 98 ಜನ ಬಲಿಯಾದರು. ಅಲ್ಲಿಯೂ ಕೊಳಚೆಗೂ ಕುಡಿಯುವ ನೀರಿಗೂ ಸಂಬಂಧ ಕಲ್ಪಿಸಿದ್ದು ಹಳೆಯ, ತಪ್ಪು ಪ್ಲಂಬಿಂಗ್.

ಅಲ್ಲಿ ಬೆಂಕಿ ಬಿದ್ದ ದಿನ ಒತ್ತಡ ಕುಸಿಯಿತು. ನಮ್ಮಲ್ಲಿ ಪ್ರತಿದಿನ ಕುಸಿಯುತ್ತದೆ. ನೀರು ಬಿಡುವುದು ಕೆಲವೇ ತಾಸು. ಆಮೇಲೆ ಲೈನ್ ಖಾಲಿ. ಇಪ್ಪತ್ನಾಲ್ಕು ತಾಸು ನೀರು ತುಂಬಿರುವ ದೇಶಗಳಲ್ಲಿ ಇದು ಅಪರೂಪದ ಅಪಘಾತವಾದರೆ, ನಮ್ಮ ಕರಾವಳಿಯಲ್ಲಿ ಇದಕ್ಕೆ ದಿನಾ ಅವಕಾಶ. ಅದರ ಮೇಲೆ ನೇರ ಲೈನಿಗೇ ಮೋಟಾರು ಕಟ್ಟಿ ನೀರು ಎಳೆಯುವವರು ಬೇರೆ.

ನೆರೆ ಬಂದಾಗ ಅಪಾಯ ಇನ್ನೂ ಹೆಚ್ಚು. 2022ರ ಆಗಸ್ಟ್ 2ರಂದು ಒಂದೇ ರಾತ್ರಿಯ ಮಳೆಗೆ ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ತೀರಿಕೊಂಡರು. ಭಟ್ಕಳ ಪೇಟೆಯ ಅಂಗಡಿಗಳಿಗೆ ನೀರು ನುಗ್ಗಿತ್ತು. ನಾವೆಲ್ಲ ಆ ದಿನ ಸಾವು-ನಷ್ಟದ ಲೆಕ್ಕ ಬರೆದೆವು, ಬರೆಯಲೇಬೇಕಿತ್ತು. ಆದರೆ ಕೆಸರು ನೀರಿನಲ್ಲಿ ಮುಳುಗಿದ ಸಂಪುಗಳು, ಅವಕ್ಕೆ ಜೋಡಿಸಿದ ನಲ್ಲಿಯ ಪೈಪುಗಳು ಏನಾದವು ಎಂದು ಆಮೇಲೂ ಯಾರೂ ಕೇಳಲಿಲ್ಲ. ನಾವೂ ಕೇಳಲಿಲ್ಲ.

ನೀರಿನ ಪರೀಕ್ಷೆ ನಡೆಯುತ್ತಿಲ್ಲವೇ ಎಂದರೆ, ನಡೆಯುತ್ತಿದೆ. ಜಲಜೀವನ ಮಿಷನ್‌ನಲ್ಲಿ ಪ್ರತಿ ಊರಿನ ಐವರು ಮಹಿಳೆಯರಿಗೆ ಕಿಟ್ ಕೊಟ್ಟು ನೀರು ಪರೀಕ್ಷೆ ಕಲಿಸುವ ಏರ್ಪಾಡಿದೆ. ಐಎಸ್ 10500 ಮಾನದಂಡದ ಪ್ರಕಾರ ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಇ-ಕೋಲಿ ಇರಲೇಬಾರದು, ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಆದರೆ ಇವೆಲ್ಲ ನೀರಿನ ಪರೀಕ್ಷೆ. ಬೆಳಿಗ್ಗೆ ಲೈನ್ ತುಂಬಿದ್ದಾಗ ತೆಗೆದ ಮಾದರಿ ಸರಿಯಾಗಿಯೇ ಇರಬಹುದು. ಮಧ್ಯಾಹ್ನ ಲೈನ್ ಖಾಲಿಯಾದಾಗ ಯಾವ ಕಟ್ಟಡದಿಂದ ಏನು ಎಳೆದುಕೊಂಡಿತು ಎಂಬುದನ್ನು ಆ ಬಾಟಲಿ ಹೇಳುವುದಿಲ್ಲ. ನೀರಿನ ಜೊತೆಗೆ ಜೋಡಣೆಯನ್ನೂ ಪರೀಕ್ಷಿಸಬೇಕು.

ಕಾಗದದಲ್ಲಿ ನಿಯಮ ಇಲ್ಲವೆಂದಲ್ಲ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ 9ನೇ ಭಾಗ ಪ್ಲಂಬಿಂಗ್‌ಗೇ ಮೀಸಲು. ಕುಡಿಯುವ ನೀರಿನ ಪೈಪಿಗೂ ಬೇರೆ ನೀರಿನ ಪೈಪಿಗೂ ನೇರ ಜೋಡಣೆ ಇರಬಾರದು ಎಂಬುದು ಅದರ ಮೂಲ ಪಾಠಗಳಲ್ಲಿ ಒಂದು. ಅಮೆರಿಕದ ಅನೇಕ ನಗರಗಳಲ್ಲಿ ಹೋಟೆಲು, ಆಸ್ಪತ್ರೆ, ಕಾರ್ಖಾನೆಗಳು ಬ್ಯಾಕ್‌ಫ್ಲೋ ತಡೆಯುವ ಸಾಧನ ಹಾಕಿಸಿ, ವರ್ಷಕ್ಕೊಮ್ಮೆ ಪ್ರಮಾಣಪತ್ರ ಇರುವ ಪರೀಕ್ಷಕರಿಂದ ಗೇಜ್ ಇಟ್ಟು ಪರೀಕ್ಷಿಸಿಕೊಳ್ಳಬೇಕು. ಒಳಗಿನ ವಾಲ್ವ್‌ಗಳು ಒತ್ತಡ ತಡೆದು ನಿಲ್ಲುತ್ತವೆಯೇ ಎಂದು ನೋಡುತ್ತಾರೆ. ವರ್ಷಾ ವರ್ಷ ಏಕೆಂದರೆ ಸ್ಪ್ರಿಂಗ್ ಸಡಿಲಾಗುತ್ತದೆ, ರಬ್ಬರ್ ಸವೆಯುತ್ತದೆ, ಮರಳಿನ ಒಂದು ಕಣ ಸಿಕ್ಕಿಕೊಂಡರೂ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ನಮ್ಮಲ್ಲಿ ಒಮ್ಮೆ ಹಾಕಿದ ಎನ್‌ಆರ್‌ವಿ ಕೆಟ್ಟು ನೀರು ನಿಂತಾಗಲೇ ಕಣ್ಣಿಗೆ ಬೀಳುವುದು. ಅದು ತೆರೆದ ಸ್ಥಿತಿಯಲ್ಲಿ ಸಿಕ್ಕಿಕೊಂಡರೆ ಯಾರಿಗೂ ತೊಂದರೆ ಕಾಣುವುದಿಲ್ಲ, ನೀರು ಬರುತ್ತಲೇ ಇರುತ್ತದೆ.

ಆ ಸಾಧನಗಳನ್ನು ನಾಳೆಯೇ ಎಲ್ಲರೂ ಹಾಕಿಸಲಿ ಎಂದು ನಾವು ಹೇಳುತ್ತಿಲ್ಲ. ಚಹಾ ಅಂಗಡಿಯವನ ಮೇಲೆ ಇನ್ನೊಂದು ಖರ್ಚು ಹೇರಿದರೆ ಅವನು ಕಟ್ಟುವುದೂ ಇಲ್ಲ, ಪಂಚಾಯ್ತಿ ಕಟ್ಟಿಸುವುದೂ ಇಲ್ಲ. ಹೆಚ್ಚು ಖರ್ಚಿಲ್ಲದ ಎರಡು ಪರೀಕ್ಷೆಗಳಿಂದ ಶುರು ಮಾಡಬಹುದು.

ಒಂದು, ಕಣ್ಣಿನ ಪರೀಕ್ಷೆ. ಸಂಪು ಅಥವಾ ಟ್ಯಾಂಕಿಗೆ ನೀರು ಬೀಳುವ ಪೈಪಿನ ತುದಿ, ನೀರು ತುಂಬಿ ಹೊರಚೆಲ್ಲುವ ಮಟ್ಟಕ್ಕಿಂತ ಮೇಲಿದೆಯೇ? ಪೈಪಿನ ವ್ಯಾಸದ ಎರಡು ಪಟ್ಟು, ಕಡಿಮೆಯೆಂದರೆ 25 ಮಿಲಿಮೀಟರ್, ಗಾಳಿಯ ಅಂತರ ಇರಬೇಕು. ನಡುವೆ ಗಾಳಿ ಇದ್ದರೆ ನೀರನ್ನು ಹಿಂದಕ್ಕೆ ಎಳೆಯಲು ಆಗುವುದಿಲ್ಲ. ಇದಕ್ಕೆ ಬೇಕಾದದ್ದು ಒಂದು ಎಲ್ಬೋ, ಒಂದು ತುಂಡು ಪೈಪು.

ಎರಡು, ಪಂಪಿನ ಪರೀಕ್ಷೆ. ಊರಿನ ನೀರು ಬಿಡದ ಹೊತ್ತಿನಲ್ಲಿ, ಮೀಟರಿನ ಹತ್ತಿರ ಪಂಚಾಯ್ತಿ ಕಡೆಯ ಜೋಡಣೆ ಬಿಚ್ಚಿ, ಕಟ್ಟಡದ ಪಂಪ್ ಹಾಕಬೇಕು. ಕಟ್ಟಡದ ಕಡೆಯಿಂದ ನೀರು ಹೊರಗೆ ಬಂದರೆ ಅದೇ ನೀರು ಇಷ್ಟು ದಿನ ಊರಿನ ಲೈನಿಗೆ ಹೋಗುತ್ತಿತ್ತು ಎಂದರ್ಥ. ಹತ್ತು ನಿಮಿಷದ ಕೆಲಸ. ನೀರು ಬಿಡುವವರ ಜೊತೆ ಒಬ್ಬ ಪ್ಲಂಬರ್ ಇದ್ದರೆ ಸಾಕು.

ಇದನ್ನು ಮಾಡಿಸುವ ಅಧಿಕಾರಕ್ಕೆ ಹೊಸ ಕಾನೂನು ಬೇಕಿಲ್ಲ. ಹೋಟೆಲು, ಅಂಗಡಿಗಳಿಗೆ ಪರವಾನಗಿ ಕೊಡುವುದು ಪಂಚಾಯ್ತಿಯೇ. ನವೀಕರಣದ ಅರ್ಜಿಯ ಜೊತೆ ಈ ಎರಡು ಪರೀಕ್ಷೆಯ ಒಂದು ಹಾಳೆಯನ್ನು ಲಗತ್ತಿಸಬೇಕು ಎಂದು ಸಾಮಾನ್ಯ ಸಭೆಯಲ್ಲಿ ಠರಾವು ಮಾಡಿದರೆ ಆಯಿತು. ಗೇಜ್ ಇಟ್ಟು ಪರೀಕ್ಷಿಸುವ ಸಾಧನ ದೊಡ್ಡ ಲಾಡ್ಜು, ನರ್ಸಿಂಗ್ ಹೋಂ, ಕಲ್ಯಾಣ ಮಂಟಪ, ವಾಹನ ತೊಳೆಯುವ ಸರ್ವಿಸ್ ಸ್ಟೇಷನ್ನು, ಐಸ್ ಪ್ಲಾಂಟುಗಳಿಗೆ ಮಾತ್ರ ಮೊದಲು ಬರಲಿ. ಆ ಗೇಜ್ ಹಿಡಿಯಬಲ್ಲ ಕೈಗಳು ತಾಲ್ಲೂಕಿನಲ್ಲಿ ಬೇಕಲ್ಲ? ಐಟಿಐಗಳಲ್ಲಿ ಪ್ಲಂಬರ್ ತರಬೇತಿ ಇದೆ. ಇದನ್ನೂ ಅಲ್ಲೇ ಕಲಿಸಿದರೆ ಕೊಲ್ಲಿಗೆ ಹೋಗಲು ಕಾಯುತ್ತಿರುವ ಹುಡುಗರಿಗೆ ಊರಲ್ಲೇ ಒಂದು ಕೆಲಸವೂ ಆದೀತು.

ಇದೆಲ್ಲ ಉತ್ಪ್ರೇಕ್ಷೆ ಎನ್ನುವವರಿಗೆ 2022ರ ರಾಯಚೂರು, 2023ರ ಚಿತ್ರದುರ್ಗದ ಕವಾಡಿಗರಹಟ್ಟಿ ನೆನಪಿಸುತ್ತೇವೆ. ಅಲ್ಲಿ ನಡೆದದ್ದು ಬ್ಯಾಕ್‌ಫ್ಲೋ ಎಂದು ನಾವು ಹೇಳುತ್ತಿಲ್ಲ. ನಲ್ಲಿಯ ನೀರು ನಂಬಿದವರ ಜೀವ ಹೋಯಿತು ಎಂಬುದಷ್ಟನ್ನೇ ಹೇಳುತ್ತಿದ್ದೇವೆ. ಎರಡೂ ಕಡೆ ಅಧಿಕಾರಿಗಳು ಓಡಿದ್ದು ಸಾವಿನ ನಂತರ, ನಮ್ಮ ಕ್ಯಾಮೆರಾಗಳು ಓಡಿದ್ದೂ ಆಗಲೇ.

ಹಾಗಾಗಿ ನಾವು ನಮ್ಮಿಂದಲೇ ಶುರು ಮಾಡುತ್ತೇವೆ. ಇನ್ನು ಮುಂದೆ ವಾಂತಿ-ಭೇದಿಯ ಸುದ್ದಿಗೆ ಹೋದಾಗ ಮಾದರಿ ಕಳಿಸಿದಿರಾ ಎಂದು ಕೇಳಿ ವಾಪಸ್ ಬರುವುದಿಲ್ಲ. ಆ ಲೈನಿಗೆ ಯಾವ ಯಾವ ಕಟ್ಟಡದ ಪಂಪ್ ಜೋಡಿಸಿದೆ, ಕೊನೆಯ ಸಲ ಅದನ್ನು ನೋಡಿದ್ದು ಯಾರು, ಯಾವಾಗ ಎಂದೂ ಕೇಳುತ್ತೇವೆ. ಮುಂದಿನ ಗ್ರಾಮಸಭೆಯಲ್ಲಿ ನೀವೂ ಅದನ್ನೇ ಕೇಳಿ.